ನೀಲಿ ‘ಈ’ಯೊಳಗಿನ ಕನ್ನಡ

ಪರಭಾಷೆಯ ಊರಲ್ಲಿ ನಲವತ್ತು ವರ್ಷ ಕಳೆದವಳಿಗೆ ನಗು ಬರುವಂಥದ್ದು ವಾರಕ್ಕೊಂದಾದರೂ ಆಗುತ್ತದೆ. ಜೊತೆಗೆ ಕೂತು ನಗುವವರು ಸಿಗುವುದಿಲ್ಲ, ಅಷ್ಟೇ. ಮನೆಯವರು ತೀರಿಕೊಂಡ ಮೇಲೆ ಪುಣೆಯ ಕೊಂಢವಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಗದಗಿನ ಕಡೆಯ ಸುದ್ದಿ ಓದಬೇಕೆಂದರೆ ಇಂಟರ್‌ನೆಟ್ಟೇ ಗತಿ.

ಕೆಫೆಯಲ್ಲಿ

ಮೊದಲ ಸಲ ಸೈಬರ್ ಕೆಫೆಗೆ ಹೋಗಿ ಕನ್ನಡ ಪತ್ರಿಕೆ ತೆಗೆಸಿದೆ. ತೆರೆಯ ತುಂಬ ಪ್ರಶ್ನೆಯ ಚಿಹ್ನೆ, ಡಾಲರ್ ಗುರುತು, ಕೊಂಬು ಮೂಡಿದ ಇಂಗ್ಲಿಷ್ ಅಕ್ಷರ. ಒಂದಾದರೂ ‘ಕ’ ಸಿಕ್ಕೀತೇ ಎಂದು ನೋಡುತ್ತಲೇ ಇದ್ದೆ. ಮಾಲಕ ಬಂದು ಇದು ಯಾವ ಭಾಷೆ ಎಂದು ಕೇಳಿದ. ಕನ್ನಡ ಎಂದೆ. ತೆರೆಯನ್ನೊಮ್ಮೆ, ನನ್ನನ್ನೊಮ್ಮೆ ಗೌರವದಿಂದ ನೋಡಿ ಮರಾಠಿಯಲ್ಲಿ ಕೇಳಿದ:

“ಇದನ್ನ ಸಣ್ಣ ಮಕ್ಕಳು ಹ್ಯಾಂಗ ಕಲೀತಾವ, ಕಾಕೂ?”

ಫೋನಿನಲ್ಲಿ

ಕೆಫೆಯಲ್ಲಿ ಕೂತೇ ಗದಗಿನಲ್ಲಿದ್ದ ತಮ್ಮನ ಮಗಳಿಗೆ ಫೋನ್ ಮಾಡಿದೆ. ನಾನು ತೆರೆದ ಬ್ರೌಸರ್ ಬೇರೆಯದಂತೆ. ನೀಲಿ ಬಣ್ಣದ ಇಂಗ್ಲಿಷ್ ‘ಈ’ ಅಕ್ಷರದ ಬ್ರೌಸರಿನಲ್ಲಿ ಮಾತ್ರ ಕನ್ನಡ ಸರಿಯಾಗಿ ಮೂಡುತ್ತದಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವಳು ಮೊದಲು ಹೇಳಿದ್ದು ಇಷ್ಟೇ:

“ಅತ್ಯಾ, ‘ಈ’ ಒತ್ರಿ.”

“ಯಾವ್ದು?”

“ಈ.”

“ಅದನ್ನ ಕೇಳಾಕ್ಹತ್ತೇನಿ. ನೀ ಗದಗಿನ್ಯಾಗ ಕುಂತು ‘ಈ’ ಅಂತ ಬೆರಳು ತೋರ್ಸಿದ್ರ ನನಗ ಪುಣೆದಾಗ ಹ್ಯಾಂಗ ಕಾಣಬೇಕು?”

ಮನೆಯಲ್ಲಿ

ಮುಂದೆ ಮನೆಗೇ ಕಂಪ್ಯೂಟರ್ ಬಂತು. ದಿನಾ ಬೆಳಿಗ್ಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ, ನಾಲಿಗೆಗೆ ಕನ್ನಡ ಮರೆಯಬಾರದೆಂದು. ವಿಧಾನಸಭೆಯ ಸುದ್ದಿಯಿದ್ದರೆ ಎರಡೂ ಪಕ್ಷದ ಪರವಾಗಿ ನಾನೇ ದನಿ ಬದಲಿಸಿ ಜಗಳಾಡುತ್ತಿದ್ದೆ.

ಕೆಲವು ವರ್ಷಗಳ ಮೇಲೆ ರಿಪೇರಿಗೆ ಬಂದವನು, ಈ ಹಳೆಯ ಬ್ರೌಸರನ್ನು ಈಗ ಯಾರೂ ಬಳಸುವುದಿಲ್ಲವೆಂದು ನಾನು ಬೇಡವೆನ್ನುತ್ತಿರುವಾಗಲೇ ತೆಗೆದು, ಹೊಸದು ಹಾಕಿ ಹೋದ. ಪತ್ರಿಕೆಯ ಅಕ್ಷರಗಳೆಲ್ಲ ಮತ್ತೆ ಕಲಸಿಹೋದವು. ಮೂರು ದಿನ ಮನೆಯಲ್ಲಿ ಮಾತಿಲ್ಲ.

ನಾಲ್ಕನೆಯ ದಿನ ಪಕ್ಕದ ಮನೆಯ ಮರಾಠಿ ವೈನಿ ಬಾಗಿಲು ಬಡಿದರು. ದಿನಾ ಬರುತ್ತಿದ್ದ ನಿಮ್ಮ ಊರಿನ ಮಂದಿ ಬರುವುದು ಬಿಟ್ಟರೇ ಎಂದು ಕೇಳಿದರು. ಯಾರೂ ಬರುತ್ತಿರಲಿಲ್ಲ ಎನ್ನಲು ನನಗೆ ನಾಚಿಕೆಯಾಯಿತು. ಸಿಟ್ಟಾಗಿದ್ದಾರೆ ಎಂದುಬಿಟ್ಟೆ.

“ಸಿಟ್ಟಾಗ್ದ ಏನ ಮಾಡ್ತಾರ, ಕಾಕೂ? ಅಷ್ಟು ಜಗಳ ಕೇಳ್ತಿತ್ತು, ಒಂದಿನಾನೂ ಕಪ್ಪು-ಬಶಿ ಸಪ್ಪಳ ಕೇಳಲಿಲ್ಲ. ಒಂದು ಚಹಾನಾದ್ರೂ ಕೊಡಬಾರದ?”

ಅಂದೇ ರಿಪೇರಿಯವನನ್ನು ಕರೆಸಿ ಹಳೆಯದನ್ನೇ ಹಾಕಿಸಿದೆ. ಮರುದಿನ ಬೆಳಿಗ್ಗೆ ಜಗಳದ ದನಿ ಕೇಳಿದ್ದೇ ತಡ, ವೈನಿ ನಾಲ್ಕು ಜನಕ್ಕಾಗುವಷ್ಟು ಪೋಹೆ ತಂದು, ಒಳಗಿನವರಿಗೆ ತೊಂದರೆಯಾಗಬಾರದೆಂದು ಬಾಗಿಲಲ್ಲೇ ಕೊಟ್ಟು ಹೋದರು. ಎರಡೂ ಪಕ್ಷದ ಪರವಾಗಿ ನಾನೇ ತಿಂದೆ.