ದೀಪ ಹಚ್ಚಿದ ಮ್ಯಾಲೆ ಕಣ ಕೊಡಂಗಿಲ್ಲ

ಚಿಕ್ಕೋಡಿಯ ನಮ್ಮ ಲ್ಯಾಬಿನ್ಯಾಗ ಒಂದರ ನಗೆಪಾಟಲು ಆಗಲಿಲ್ಲಂದ್ರ ಅವತ್ತು ರಜಾ ಅಂತ ತಿಳಕೋರಿ. ನಾನು ಅಥಣಿ ಕಡೀ ಕುರಿ ಕಾಯೋರ ಮಗಳು. ಪ್ರಾಣಿಗಳ ಜೀವಕಣಗಳನ್ನ ಬಾಟಲ್ಯಾಗ ಬೆಳಸೋದು ಕಲಿಯಾಕ ಅಲ್ಲಿ ಸೇರಿದ್ದೆ. ಮೊದಲನೇ ದಿನಾನ ನಮಗ ಕಲಸೋ ಮೇಡಮ್ಮಾರು ಹೇಳಿಬಿಟ್ರು: "ಕೊನಿ ದಿನ ಪರೀಕ್ಷಾದಾಗ ಯಾರ ಬಾಟಲ್ಯಾಗ ಜೀವಂತ ಕಣ ಇರ್ತಾವೋ ಅವರಿಗೆ ಇಲ್ಲೇ ನೌಕರಿ. ಇಲ್ಲಂದ್ರ ಗಂಟುಮೂಟಿ ಕಟ್ರಿ." ನನಗ ಆ ನೌಕರಿ ಬೇಕೇ ಬೇಕಾಗಿತ್ತು.

೧. ಊಟಾ ಆತೇನ್ರಿ?

ಬಾಟಲಿ ಮುಚ್ಚಳಾ ತಗದಾಗ ಮಾತಾಡಬಾರದು, ಉಗುಳು ಸಿಡಿದು ಕಣ ಕೆಡ್ತಾವ. ನಮ್ಮ ಕಡೀ ಮಂದಿಗೆ ಇದಕ್ಕಿಂತ ದೊಡ್ಡ ಶಿಕ್ಷಾ ಇಲ್ಲ. ಒಂದಿನ ಬಾಗಿಲದಾಗ ಸಿಪಾಯಿ ಹಣಿಕಿ ಹಾಕಿ, "ಊಟಾ ಆತೇನ್ರಿ ಅಕ್ಕಾರ?" ಅಂದ.

"ಆತ್ರಿ, ನಿಮ್ದು?" ಅಂದುಬಿಟ್ಟೆ, ತೆರೆದ ಬಾಟಲಿ ಮ್ಯಾಲ.

"ಚೆಲ್ಲು ಅದನ್ನ!" ಮೇಡಮ್ಮಾರು ಒದರಿದ್ರು.

"ಕೇಳಿದ್ದಕ್ಕ ಉತ್ತರಾ ಕೊಡಲಿಲ್ಲಂದ್ರ ಸೊಕ್ಕಿನಾಕಿ ಅಂತಾರ್ರಿ."

ಮರುದಿನ ಬಾಗಿಲಿಗೆ ಬೋರ್ಡ್ ಬಿತ್ತು: "ಒಳಗಿದ್ದವರ ಊಟಾ ಆಗೈತಿ. ಕೇಳಬ್ಯಾಡ್ರಿ."

೨. ಕಂಬಳಿ

ಕಣಗಳು ಬದುಕಾಕ ನಮ್ಮ ಮೈಯಷ್ಟ ಬೆಚ್ಚಗಿರಬೇಕು. ಅದಕ್ಕಂತ ಒಂದು ಬಿಸಿ ಪೆಟ್ಟಿಗಿ ಐತಿ. ಒಂದು ಮುಂಜಾನೆ ಕರೆಂಟ್ ಹೋತು, ಜನರೇಟರ್ ಚಾಲೂ ಆಗವಲ್ದು. ನನ್ನ ಜೀವ ತಡೀಲಿಲ್ಲ. ಎಸಿ ಥಂಡಿಗಂತ ನಮ್ಮವ್ವ ಕೊಟ್ಟಿದ್ದ ಕಂಬಳಿ ತಂದು ಪೆಟ್ಟಿಗಿಗೆ ಹೊಚ್ಚಿದೆ. ಕುರಿಮರಿಗೆ ನಾವು ಹಂಗ ಮಾಡತೀವಲ್ಲ! ಅಷ್ಟಕ್ಕ ಬಿಡಲಿಲ್ಲ, ಬೆಚ್ಚಗದಾವೋ ಇಲ್ಲೋ ಅಂತ ಅದ ಕೈಲೇ ನನ್ನ ಬಾಟಲಿ ಬಿಚ್ಚಿ ನೋಡಿದೆ.

ಕಂಬಳಿ ಧೂಳು ಒಳಗ ಹೋಗಿ, ನಾಲ್ಕೈದು ದಿನಕ್ಕ ಬಾಟಲಿ ತುಂಬ ಬೆಳ್ಳನ ಬೂಷ್ಟು. ಕಣ ಎಲ್ಲಾ ಹೋದುವು. ನಾನು ಗೊಳೋ ಅಂತ ಅಳಾಕ ಹತ್ತಿದೆ. ಮೇಡಮ್ಮಾರು ಬಾಟಲಿ ಬೆಳಕಿಗೆ ಹಿಡಿದು ನೋಡಿದ್ರು.

"ಇವು ಕುರಿ ಕಣ ಅಲ್ಲಲ್ಲವಾ," ಅಂದ್ರು, "ಉಣ್ಣೆ ಹ್ಯಾಂಗ ಬಂತು?"

೩. ಹೆಪ್ಪು

ಆಮ್ಯಾಲ ಮೇಡಮ್ಮಾರೇ ಒಂದು ಹಾದಿ ತೋರಿಸಿದ್ರು. "ಬಾಜೂದವರ ಕಡೆ ಸ್ವಲ್ಪ ಕಣ ಇಸಗೊಂಡು ಬೆಳಸು. ಎಲ್ಲಾ ಲ್ಯಾಬಿನ್ಯಾಗೂ ಹಂಗ ಮಾಡ್ತಾರ." ಮರುದಿನದಿಂದ ಲ್ಯಾಬಿಗೆ ರಜಾ, ರಜಾ ಮುಗದ್ರ ಪರೀಕ್ಷಾ. ಅವತ್ತ ಹಾಕಿದ್ರ ಬೆಳೀತಾವ, ಇಲ್ಲಂದ್ರ ನನ್ನ ಕತಿ ಮುಗೀತು.

ಬಾಜೂಕ ಇದ್ದಾಕಿ ಉಗಾರದ ಗೆಳತಿ, ಆಕಿ ಬಾಟಲಿ ತುಂಬಿ ತುಳಕಾಕತ್ತಿತ್ತು. ಕೇಳಾಕ ಹೋಗೋದ್ರಾಗ ಹೊತ್ತು ಮುಣುಗಿತ್ತು.

"ಮುಂಜಾನೆ ಕೇಳಿದ್ರ ಬೇಕಾದಷ್ಟು ಕೊಡತಿದ್ದೆ," ಅಂದ್ಲು. "ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಂಗಿಲ್ಲ. ಲಕ್ಷ್ಮಿ ಹೋಗತಾಳ."

"ಲೇ, ಇದು ಹೆಪ್ಪಲ್ಲ!"

"ಒಂದು ಹನಿ ಹಾಕಿದ್ರ ಪೂರಾ ಬಾಟಲಿ ತುಂಬ್ತೈತಿ ಅಂದ್ರ ಹೆಪ್ಪಲ್ದ ಮತ್ತೇನು?"

ಎಮ್ಎಸ್ಸಿ ಕಲತಾಕಿ! ನಾನು ಕೈ ಮುಗದೆ, ಗಲ್ಲಾ ಹಿಡದೆ. ಊಹೂಂ, ಜಪ್ಪಯ್ಯ ಅನ್ನಲಿಲ್ಲ. ಹಿಂದ ನಿಂತ ಮೇಡಮ್ಮಾರು ಎಲ್ಲಾ ಕೇಳಾಕತ್ತಿದ್ರು. ಈಗ ಇಬ್ಬರಿಗೂ ಮಂಗಳಾರತಿ ಅಂದುಕೊಂಡೆ. ಅವರು ಸುಮ್ನ ಹೋಗಿ ಟಕ್ಕಂತ ಲೈಟ್ ಆರಿಸಿದ್ರು.

"ದೀಪ ಇಲ್ಲ. ಕೊಡು, ಲಗೂ!"

ಕತ್ತಲದಾಗ ನನ್ನ ಕೈಯಾಗ ಒಂದು ಬೆಚ್ಚನ್ನ ಬಾಟಲಿ ಬಂತು. ಲೈಟ್ ಹಚ್ಚಿಸಿ, ಬಾಯಿ ಮುಚಗೊಂಡು, ಅದರಾಗಿಂದ ಸ್ವಲ್ಪ ಹೊಸಾ ಬಾಟಲಿಗೆ ಹಾಕಿ ಬೆಳಸಿದೆ. ಪರೀಕ್ಷಾ ದಿನ ನನ್ನ ಕಣ ಮಿಣಮಿಣ ಹೊಳದುವು, ನೌಕರಿ ಸಿಕ್ತು, ಇವತ್ತಿಗೂ ಅಲ್ಲೇ ಅದೀನಿ. ಗೆಳತಿ ಬಾಟಲಿ, ಮೇಡಮ್ಮಾರ ಬುದ್ಧಿ, ಇವೆರಡೂ ಇಲ್ಲಂದ್ರ ನಾನೆಲ್ಲಿ? ಪುಣ್ಯಾ ಮಾಡೀನಿ.

ಪೇಢೆ ಕೊಡುವಾಗ ಮೇಡಮ್ಮಾರಿಗೆ ಕೇಳಿದೆ, "ಲೈಟ್ ಆರಿಸೋದು ನಿಮಗ ಹ್ಯಾಂಗ ಹೊಳೀತ್ರಿ?"

"ಹೊಳಿಯೋದೇನ ಬಂತು? ನಮ್ಮತ್ತಿನೂ ಸಂಜಿ ಆದ್ರ ಯಾರಿಗೂ ಹೆಪ್ಪು ಕೊಡಂಗಿಲ್ಲ. ಬಾಜೂದವರು ಬಟ್ಟಲ ಹಿಡ್ಕೊಂಡು ಬಂದ್ರ ನಾನು ಮೇನ್ ಸ್ವಿಚ್ ತಗದುಬಿಡತೀನಿ." ಪೇಢೆ ಬಾಯಾಗ ಹಾಕ್ಕೊಂಡು ಅಂದ್ರು: "ಪಾಪ, ನಮ್ಮತ್ತಿ ಇನ್ನೂ ಕರೆಂಟಿನವರಿಗೆ ಬೈಯಾಕತ್ತಾರ."