ಮಕ್ತುಮ್‌ಸಾಬರ ಕೆಂಪು ಗಾಡಿ

ಮೂರು ಸಲ ಒತ್ತಿದರೆ ಹಿಡಿಯುತ್ತಿದ್ದ ಬ್ರೇಕು ಸೋಮವಾರ ಬೆಳಿಗ್ಗೆ ಇದ್ದಕ್ಕಿದ್ದಂತೆ ನಾಲ್ಕನೆಯದನ್ನೂ ಕೇಳಿತು. ಇಶ್ತಿಯಾಕ್ ನಾಲ್ಕನೇ ಸಲ ಒತ್ತುವಷ್ಟರಲ್ಲಿ ಕಾರಿನ ಮೂತಿ ಮಸ್ಕಿಯಲ್ಲಿ ಭತ್ತದ ಹುಲ್ಲು ಹೇರಿಕೊಂಡು ನಿಂತಿದ್ದ ಟ್ರ್ಯಾಕ್ಟರಿನ ಹಿಂದಕ್ಕೆ ಹೋಗಿ ನಿಂತಿತ್ತು, ಅವನ ತಲೆ ಹುಲ್ಲಿನೊಳಗಿತ್ತು. ತಲೆ ಹೊರಗೆ ತೆಗೆದಾಗ ಒಂದು ವಿಷಯ ಅವನಿಗೆ ಖಾತ್ರಿಯಾಯಿತು. ಈ ಗಾಡಿ ತನ್ನನ್ನು ಕೊಲ್ಲುತ್ತದೆ. ಇನ್ನೊಂದು ವಿಷಯ ಮೊದಲೇ ಖಾತ್ರಿಯಿತ್ತು. ಗಾಡಿ ಮಾರಿದರೆ ಅತ್ತೆ ಕೊಲ್ಲುತ್ತಾರೆ.

ಅದು ಅಂತಿಂಥ ಗಾಡಿಯಲ್ಲ. ಹೈದರಾಬಾದಿನ ಯಾವುದೋ ನವಾಬರ ಮನೆಯವರು ಒಂದೊಂದೇ ಸಾಮಾನು ಮಾರಿಕೊಳ್ಳುತ್ತಿದ್ದ ಕಾಲದಲ್ಲಿ ಸಿಂಧನೂರಿನ ಭತ್ತದ ವ್ಯಾಪಾರಿ ಮಕ್ತುಮ್‌ಸಾಬರು ಕೊಂಡು ತಂದ ವಿಲಾಯತಿ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಛಾವಣಿ ಇಲ್ಲ. ಕೂತರೆ ನೆಲ ಗೇಣುದ್ದ ಕೆಳಗೆ. ಲಾರಿ ಪಕ್ಕಕ್ಕೆ ಬಂದರೆ ಅದರ ಗಾಲಿಯ ಬೋಲ್ಟುಗಳನ್ನು ಎಣಿಸಬಹುದಿತ್ತು, ಮತ್ತು ಇಶ್ತಿಯಾಕ್ ಭಯದಲ್ಲಿ ಎಣಿಸುತ್ತಲೂ ಇದ್ದ.

ಮಕ್ತುಮ್‌ಸಾಬರು ತೀರಿಕೊಂಡು ಆರು ವರ್ಷವಾಗಿತ್ತು. ಅವರ ಹೆಂಡತಿ ದಾವಲ್‌ಬೀ ಪ್ರತಿ ಶುಕ್ರವಾರ ಗಾಡಿಗೆ ಲೋಬಾನದ ಹೊಗೆ ಹಾಕಿ, ಕನ್ನಡಿಗೆ ಹಸಿರು ರೇಷ್ಮೆಯ ತುಂಡು ಕಟ್ಟಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು: "ನನ್ನ ಕಣ್ಣೆದುರಿಗೆ ಈ ಗಾಡಿ ಮಂದಿ ಪಾಲಾಗಂಗಿಲ್ಲ." ಓಡಿಸದೆ ನಿಲ್ಲಿಸಿದರೆ ಗಾಡಿ ಕೆಡುತ್ತದೆ ಎಂದು ಮನೆ ಅಳಿಯ ಇಶ್ತಿಯಾಕನಿಗೆ ಕೀಲಿ ಕೊಟ್ಟಿದ್ದರು. ಅವನು ಲಿಂಗಸುಗೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ದಿನಾ ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗಿ ಬರುವುದು. ಬಸ್ಸಿನಲ್ಲಿ ಹೋಗುತ್ತೇನೆ ಅನ್ನುವ ಧೈರ್ಯ ನಾಲ್ಕು ವರ್ಷದಲ್ಲಿ ಒಂದು ದಿನವೂ ಬಂದಿರಲಿಲ್ಲ. ದಾರಿಯುದ್ದಕ್ಕೂ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಅವನು ಮಕ್ತುಮ್‌ಸಾಬರ ಅಳಿಯ.

ಬುಧವಾರ ಬೆಳಿಗ್ಗೆ ಹೆಂಡತಿ ನಾಹಿದಾ ಚಹಾ ಕೊಟ್ಟು ಪಕ್ಕದಲ್ಲಿ ಕೂತಳು.

"ಅಮ್ಮಿ ಗುರುಗುಂಟಾಕ ಚಿಕ್ಕಮ್ಮನ ಮನಿಗೆ ಹೋಗ್ಯಾರ. ಸಂಜಿಕೆ ಬರ್ತಾರ. ಇವತ್ತ ಬಿಟ್ರ ಮತ್ತ ಸಿಗಂಗಿಲ್ಲ. ಲಿಂಗಸುಗೂರಾಗ ನರಸಣ್ಣ ಅದಾನಲ್ಲ, ಹಳೇ ಗಾಡಿ ತಗೊಂಡು ಹೊಸಾ ಮಾಡಲ್ ಕೊಡಾವ, ಅವನ ಹಂತೇಕ ಹೋಗ್ರಿ."

"ಅಮ್ಮಿಗೆ ಏನಂತ ಹೇಳೂದು?"

"ಅದು ನನಗ ಬಿಡ್ರಿ."

ಇಷ್ಟು ಸಮಾಧಾನವಾಗಿ ಹೆಂಡತಿ ಮಾತಾಡಿದಾಗಲೆಲ್ಲ ಇಶ್ತಿಯಾಕನಿಗೆ ಭಯವಾಗುತ್ತಿತ್ತು. ಆದರೆ ಹುಲ್ಲಿನೊಳಗೆ ತಲೆ ಹೊಕ್ಕಿದ್ದು ನೆನಪಾಯಿತು. ಎದ್ದು ಹೊರಟ.

ನರಸಣ್ಣ ಬೈಪಾಸಿನಲ್ಲಿ ತಗಡಿನ ನೆರಳಿನಡಿ ಹತ್ತು ಹನ್ನೆರಡು ಕಾರು ನಿಲ್ಲಿಸಿಕೊಂಡು ಕೂತಿದ್ದ. ಇಶ್ತಿಯಾಕ್ ಬಾಯಿ ತೆರೆಯುವ ಮೊದಲೇ ಕುರ್ಚಿ ಹಾಕಿದ. ಕೆಂಪು ಗಾಡಿಯ ಬಾನೆಟ್ ಎತ್ತಿ ಸಹ ನೋಡಲಿಲ್ಲ. ಬೆಳ್ಳಿ ಬಣ್ಣದ ಒಂದು ಸ್ಪೋರ್ಟ್ಸ್ ಕಾರು ತೋರಿಸಿದ. ಹೊಸ ಮಾಡಲ್, ನಾಲ್ಕು ಸೀಟು, ಎ.ಸಿ., ಮೇಲೆ ಗಟ್ಟಿ ಛಾವಣಿ.

"ಗಾಡಿಗೆ ಗಾಡಿ ರೀ ಸಾಬ್ರ. ಮ್ಯಾಲ ಏನೂ ಬ್ಯಾಡ. ಕಾಗದ ತಯಾರದಾವ, ಸಹಿ ಮಾಡ್ರಿ."

ಇಶ್ತಿಯಾಕನಿಗೆ ಅನುಮಾನ ಬಂತು. ಇದು ಕಳವಿನ ಗಾಡಿಯೇ? ಇದರಲ್ಲಿ ಯಾರಾದರೂ ಸತ್ತಿದ್ದಾರೆಯೇ? ಒಳಗೆ ಕೂತು ನೋಡಿದರೆ ಕನ್ನಡಿಗೆ ಹಸಿರು ರೇಷ್ಮೆಯ ಒಂದು ತುಂಡು ಕಟ್ಟಿತ್ತು. ಅತ್ತೆಯೇ ಕೂತು ದಿಟ್ಟಿಸಿದಂತಾಗಿ ಅವನು ಬೆಚ್ಚಿದ.

"ಇದೇನ್ರೀ ಇದು?"

"ಯಾರೋ ಕಟ್ಯಾರ್ರೀ, ಒಳ್ಳೇದ ಅಲ್ಲೇನು," ಎಂದು ನರಸಣ್ಣ ಬೇರೆ ಕಡೆ ನೋಡಿದ. "ಅಮ್ಮಾರಿಗೆ ನನ್ನ ಸಲಾಂ ಹೇಳ್ರಿ."

ಆಗ ಹತ್ತೂವರೆ ಗಂಟೆ. ಕಚೇರಿಗೆ ರಜೆ ಹಾಕಿ ಇಶ್ತಿಯಾಕ್ ಸಿಂಧನೂರಿನ ಕಡೆ ತಿರುಗಿದ. ಒಂದೇ ಸಲ ಒತ್ತಿದರೆ ಬ್ರೇಕು ಹಿಡಿಯುತ್ತಿತ್ತು. ಖುಷಿಗೆ ಅವನು ದಾರಿಯಲ್ಲಿ ಆರು ಸಲ ಸುಮ್ಮಸುಮ್ಮನೆ ನಿಲ್ಲಿಸಿದ. ಹಿಂದೆ ಬರುತ್ತಿದ್ದ ಬೈಕಿನವನು ಬೈದು ಹೋದ, ಅದೂ ಹಿತವೆನಿಸಿತು.

ಮಸ್ಕಿಯಲ್ಲಿ ನಿಲ್ಲಬಾರದು ಎಂದು ತೀರ್ಮಾನಿಸಿದ್ದ. ಆದರೆ ಅಲ್ಲಿ ಮಿರ್ಚಿ ಬಜ್ಜಿ ಮತ್ತು ಮಂಡಾಳ ಎನ್ನುವ ಮಂಡಕ್ಕಿ ಮಾರುವ ಪಂಪಾವತಿಯ ಅಂಗಡಿಯ ಮುಂದೆ ಹಾದಾಗಲೆಲ್ಲ ಕೈ ಎತ್ತಿ ನಮಸ್ಕಾರ ಮಾಡುವುದು ನಾಲ್ಕು ವರ್ಷದ ರೂಢಿ. ಗಾಜು ತಾನಾಗಿ ಇಳಿಯಿತು, ಕೈ ತಾನಾಗಿ ಎದ್ದಿತು. ಪಂಪಾವತಿ ಜಾಲರಿ ಸೌಟು ಹಿಡಿದುಕೊಂಡೇ ರಸ್ತೆಗೆ ಬಂದು ಅಡ್ಡ ನಿಂತ.

"ಅಳಿಯಾಂದ್ರ! ಗಾಡಿ ಎಲ್ರೀ?"

"ಸರ್ವಿಸಿಂಗ್..." ಎಂದ ಇಶ್ತಿಯಾಕ್.

"ಮಕ್ತುಮ್‌ಸಾಬ್ರ ಗಾಡಿಗೆ ಸರ್ವಿಸಿಂಗ್ ಮಾಡಾವ ಇನ್ನೂ ಹುಟ್ಟಿಲ್ಲ. ಖರೇ ಹೇಳ್ರಿ."

ಇಶ್ತಿಯಾಕನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಎರಡನೆಯ ಪ್ರಶ್ನೆಗೇ ಎಲ್ಲವೂ ಹೊರಬಿತ್ತು. ಪಂಪಾವತಿಯ ಮುಖ ಬಿಳುಚಿತು.

"ನನ್ನ ಬಾಸಿಂಗದ ಎಳಿ ಅದರಾಗೈತಲ್ರೀ!"

ಇಲ್ಲಿ ಒಂದು ಮಾತು ಹೇಳಬೇಕು. ಮೂರು ಊರುಗಳ ಸುತ್ತಮುತ್ತ ಯಾವ ಜಾತಿಯ ಮದುವೆಯಾದರೂ ಮದುಮಗನ ಮೆರವಣಿಗೆ ಮಕ್ತುಮ್‌ಸಾಬರ ಕೆಂಪು ಗಾಡಿಯಲ್ಲೇ ಆಗಬೇಕು. ಇಳಿಯುವಾಗ ಮದುಮಗ ತನ್ನ ಬಾಸಿಂಗದ ಅಥವಾ ಸೆಹ್ರಾ ಎಂಬ ಹೂಮುಸುಕಿನ ಒಂದು ಎಳೆ ಕಿತ್ತು ಗಾಡಿಯಲ್ಲಿ ಸೀಟಿನ ಎದುರಿಗಿದ್ದ ಸಣ್ಣ ಡಬ್ಬಿಯೊಳಗೆ ಹಾಕಬೇಕು. ಎಳೆ ಗಾಡಿಯಲ್ಲಿ ಇರುವತನಕ ಸಂಸಾರ ನೆಟ್ಟಗಿರುತ್ತದೆ ಎಂದು ಯಾರು ಮೊದಲು ಹೇಳಿದರೋ, ಈಗ ಎಲ್ಲರೂ ಹೇಳುತ್ತಾರೆ. ಡಬ್ಬಿಯ ಬೀಗ ಮಕ್ತುಮ್‌ಸಾಬರ ಕಾಲದಲ್ಲೇ ಕೆಟ್ಟು, ಮುಚ್ಚಳ ಬೆರಳಗಲ ಮಾತ್ರ ಬಿಚ್ಚುತ್ತಿತ್ತು. ಒಳಗೆ ಹೋದದ್ದು ಹೊರಗೆ ಬರುವಂತಿರಲಿಲ್ಲ. ಅವಸರದಲ್ಲಿ ಇಶ್ತಿಯಾಕ್ ಆ ಡಬ್ಬಿಯನ್ನೇ ಮರೆತಿದ್ದ. ಅದರಲ್ಲಿ ಅವನದೂ ಒಂದು ಎಳೆ ಇತ್ತು.

ಅಂಗಡಿಯ ಬೆಂಚಿನ ಮೇಲೆ ಮೂರನೇ ಪ್ಲೇಟು ಮಂಡಾಳ ತಿನ್ನುತ್ತಿದ್ದ ಬ್ಯಾಂಕಿನ ಶಿವರಾಜ ಎದ್ದು ಬಂದ. ಬೆಳಿಗ್ಗೆ ಹೆಂಡತಿ ಸುರೇಖಾ ಜೊತೆ ಚಟ್ನಿಗೆ ಉಪ್ಪು ಹೆಚ್ಚಾದ ವಿಷಯಕ್ಕೆ ಜಗಳವಾಗಿ, ಅವಳು ಚೀಲ ಹಿಡಿದು ಹೊರಟುಹೋಗಿದ್ದಳು.

"ಗಾಡಿ ಎಷ್ಟೊತ್ತಿಗೆ ಕೊಟ್ರಿ?" ಎಂದು ಕೇಳಿದ.

"ಹತ್ತೂವರಿ."

"ಅಕಿ ಹತ್ತೂವರಿಗೇ ಬಸ್ ಹತ್ಯಾಳ!" ಎಂದ ಶಿವರಾಜ, ಮತ್ತು ಬೆಂಚಿನ ಮೇಲೆ ಕುಸಿದ.

ಸುತ್ತ ಗುಂಪು ಸೇರಿತು. ಗುಂಪಿನಲ್ಲಿ ಇದ್ದವರೆಲ್ಲ ಗಂಡಂದಿರು. ಒಬ್ಬ ಆಗಲೇ ಮನೆಗೆ ಫೋನ್ ಹಚ್ಚಿ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ "ಉಂಡಿಯೇನು?" ಎಂದು ಕೇಳುತ್ತಿದ್ದ. ಹೆಂಡತಿಗೆ ಅನುಮಾನ ಬಂದು ಅಲ್ಲಿಯೂ ಜಗಳ ಶುರುವಾಯಿತು.

"ಡಬ್ಬಿ ಕಿತ್ತು ತಂದು ಈ ಗಾಡ್ಯಾಗ ಇಟ್ರ?" ಎಂದ ಇಶ್ತಿಯಾಕ್.

"ಕಿತ್ತು ಅನ್ಬ್ಯಾಡ್ರಿ!" ಎಂದು ಪಂಪಾವತಿ ಕಿವಿ ಮುಚ್ಚಿಕೊಂಡ. "ಎಷ್ಟು ಮಂದಿ ಸಂಸಾರ ಕೀಳಾಕ ನಿಂತೀರಿ? ಮತ್ತ ಶುಕ್ರವಾರ ಜವಳಗೇರಾದ ಮದುವಿಗೆ ಗಾಡಿ ಕಳಸ್ತೀನಿ ಅಂತ ನಿಮ್ಮ ಅತ್ತಿ ಮಾತು ಕೊಟ್ಟಾರ. ಅವರಿಗೆ ಗೊತ್ತೈತೇನು ಇದು?"

ಅಷ್ಟರಲ್ಲಿ ಇಶ್ತಿಯಾಕನ ಜೇಬು ನಡುಗಿತು. ಫೋನಿನ ಮೇಲೆ "ಅಮ್ಮಿ" ಎಂದು ಹೆಸರು ಬೆಳಗುತ್ತಿತ್ತು. ಅವನು ಬಿಸಿ ಬಾಣಲೆ ಹಿಡಿದಂತೆ ಫೋನ್ ಹಿಡಿದುಕೊಂಡು ಅದು ತಾನಾಗಿ ನಿಲ್ಲುವತನಕ ನೋಡಿದ. ನಿಂತ ಮೇಲೆ ನಾಹಿದಾಗೆ ಹಚ್ಚಿದ.

"ಅಮ್ಮಿ ಫೋನ್ ಬಂದಿತ್ತು. ಗೊತ್ತಾಗೇತಿ!"

"ಅಂಜಬ್ಯಾಡ್ರಿ. ಸುಮ್ಮ ನೇರ ಮನಿಗೆ ಬರ್ರಿ."

"ಇಲ್ಲಿ ಮಸ್ಕಿ ಮಂದೆಲ್ಲಾ..."

"ಯಾರ ಮಾತೂ ಕೇಳಬ್ಯಾಡ್ರಿ. ಹೊಸಾ ಗಾಡಿ ತಗೊಂಡು ಬರ್ರಿ."

ಅಂಜಬೇಡ ಎಂದು ಯಾರಾದರೂ ಹೇಳಿದರೆ ಅಂಜುವಂಥದ್ದು ಏನೋ ಇದೆ ಎಂದೇ ಅವನ ಲೆಕ್ಕ. ಅಳುಕುತ್ತಲೇ ಮತ್ತೆ ಲಿಂಗಸುಗೂರಿನ ಕಡೆ ಗಾಡಿ ತಿರುಗಿಸಿದ. ಪಂಪಾವತಿಯೂ ಶಿವರಾಜನೂ ಹಿಂದಿನ ಸೀಟಿನಲ್ಲಿ ಹತ್ತಿ ಕೂತರು, ಅವನು ನಡುವೆ ಮನಸ್ಸು ಬದಲಿಸಬಾರದೆಂದು.

"ಛಲೋ ಗಾಡಿ ಐತ್ರೀ, ಪಾಪ," ಎಂದ ಪಂಪಾವತಿ, ಎ.ಸಿ. ಗಾಳಿಗೆ ಕುತ್ತಿಗೆ ಒಡ್ಡಿ.

ನರಸಣ್ಣ ಮೂವರನ್ನೂ ನೋಡಿ ಗಾಬರಿಯಾದ.

"ಬ್ಯಾಡ್ರೀ ಸಾಬ್ರ. ಕೈ ಮುಗಿತೀನಿ. ಈ ಗಾಡಿ ತಗೊಂಡು ಮನಿಗೆ ಹೋಗ್ರಿ."

"ಅಮ್ಮಿ ನನ್ನ ಜೀವಸಹಿತ ಬಿಡಂಗಿಲ್ಲ."

"ಅಮ್ಮಾರಿಗೆ ಅಂಜಬ್ಯಾಡ್ರಿ ಅಂತ ಹೇಳಾಕತ್ತೀನಲ್ಲ!" ಎಂದ ನರಸಣ್ಣ ಚಟ್ಟನೆ ನಾಲಿಗೆ ಕಚ್ಚಿಕೊಂಡ. "ನಿಂದ್ರಿ, ಒಂದ್ ಮಾತು ಕೇಳಿ ಬರ್ತೀನಿ." ಹೊರಗೆ ಹೋಗಿ ಯಾರಿಗೋ ಫೋನ್ ಹಚ್ಚಿದ. ಮೂರು ಸಲ ಹಚ್ಚಿ, ತಲೆ ಕೆರೆದುಕೊಂಡು ಒಳಗೆ ಬಂದ. "ಫೋನ್ ಹತ್ತವಲ್ದು. ಬಸ್ಸಿನ್ಯಾಗ ಇರಬೇಕು."

"ಯಾರು?"

"ಯಾರೂ ಇಲ್ಲ," ಎಂದ ನರಸಣ್ಣ. ಅಷ್ಟು ಹೊತ್ತಿಗೆ ಶಿವರಾಜ ಕೆಂಪು ಗಾಡಿಯಲ್ಲಿ ಕೂತು ಡಬ್ಬಿಯನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದ. ನರಸಣ್ಣ ಕಾಗದ ಹರಿದು ಹಾಕಿದ. "ನಿಮ್ಮ ನಸೀಬ. ನಾ ಏನ್ ಮಾಡ್ಲಿ."

ಎರಡು ಸೀಟಿನಲ್ಲಿ ಮೂವರು ಬರಬೇಕಾಯಿತು. ಪಂಪಾವತಿ ಹಿಂದಿನ ಡಿಕ್ಕಿಯ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು, ಎದುರು ಸಿಕ್ಕವರಿಗೆಲ್ಲ ಗೆದ್ದು ಬಂದ ಮುಖಂಡನಂತೆ ಕೈ ಬೀಸುತ್ತಿದ್ದ. ಇಶ್ತಿಯಾಕ್ ಪ್ರತಿ ತಿರುವಿಗೂ ನಾಲ್ಕು ಸಲ ಒತ್ತುತ್ತಾ, ನಾಲ್ಕು ಸಲ ಅಲ್ಲಾಹನನ್ನು ನೆನೆಯುತ್ತಾ ಬಂದ.

ಮಸ್ಕಿ ಮುಟ್ಟುವುದಕ್ಕೂ ಸುರೇಖಾ ಬಸ್ಸಿನಿಂದ ಇಳಿಯುವುದಕ್ಕೂ ಸರಿಹೋಯಿತು. ಶಿವರಾಜ ಗಾಡಿ ನಿಲ್ಲುವ ಮೊದಲೇ ಹಾರಿ ಓಡಿದ.

"ತಿರುಗಿ ಬಂದಿ?"

"ಎಲ್ಲಿಂದ? ಲಿಂಗಸುಗೂರಾಗ ಟೇಲರ್‌ಗೆ ಬ್ಲೌಸ್ ಕೊಟ್ಟು ಬಂದ್ನಿ," ಎಂದಳು ಸುರೇಖಾ. ಆದರೆ ಅವಳ ಮಾತು ಯಾರಿಗೆ ಬೇಕಿತ್ತು? ಗಾಡಿ ಬಂತು, ಹೆಂಡತಿ ಬಂದಳು. ಮಸ್ಕಿಯ ಗಂಡಂದಿರು ಸರದಿಯಲ್ಲಿ ಬಂದು ಡಬ್ಬಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಮುಂದಿನ ದಾರಿಗೆ ಇಶ್ತಿಯಾಕ್ ಒಬ್ಬನೇ. ಸಿಂಧನೂರು ಇನ್ನೂ ಹತ್ತು ಮೈಲಿ ಇರುವಾಗ ಹಿಂದಿನಿಂದ ಒಂದು ಬಸ್ಸು ಬಂದು ಪಕ್ಕಕ್ಕೆ ಸರಿಯಿತು. ರೂಢಿಯಂತೆ ಗಾಲಿಯ ಬೋಲ್ಟು ಎಣಿಸಿ ತಲೆ ಎತ್ತಿದರೆ, ಮೇಲಿನ ಕಿಟಕಿಯಲ್ಲಿ ಗುರುಗುಂಟಾದಿಂದ ಮರಳುತ್ತಿದ್ದ ದಾವಲ್‌ಬೀ. ಅವರು ಗಾಡಿ ನೋಡಿದರು, ಅಳಿಯನನ್ನು ನೋಡಿದರು, ಬಾಯಿ ಅರ್ಧ ತೆರೆದರು. ಇಶ್ತಿಯಾಕ್ ಒಂದು ಕೈಯಿಂದ ಸಲಾಂ ಮಾಡಿದ. ಅವರು ನಗಲಿಲ್ಲ. ಸೆರಗು ಮುಖಕ್ಕೆ ಹೋಯಿತು, ಬಸ್ಸು ಮುಂದೆ ಹೋಯಿತು. ಯಾರೋ ಮೊದಲೇ ಹೇಳಿಬಿಟ್ಟಿದ್ದಾರೆ, ನನ್ನ ಕತೆ ಮುಗಿಯಿತು ಎಂದುಕೊಂಡ.

ಮನೆ ಮುಂದೆ ದಾವಲ್‌ಬೀ ನಿಂತಿದ್ದರು. ಪಕ್ಕದಲ್ಲಿ ನಾಹಿದಾ ಹಣೆಗೆ ಕೈ ಹಚ್ಚಿಕೊಂಡಿದ್ದಳು.

"ಅಮ್ಮೀ, ತಪ್ಪಾತು," ಎಂದು ಇಶ್ತಿಯಾಕ್ ಗಾಡಿಯಿಂದ ಇಳಿಯುತ್ತಲೇ ಶುರು ಮಾಡಿದ. "ಬೆಳಿಗ್ಗೆ ಬದ್ಲಿ ಮಾಡಿದ್ದೆ, ಖರೆ. ಆದ್ರ ಮನಸ್ಸು ತಡೀಲಿಲ್ಲ. ತಿರುಗಿ ತಂದೆ."

ದಾವಲ್‌ಬೀ ಅಳುತ್ತಿದ್ದರು.

"ಬೇಟಾ, ನೀ ದಿನಾ ಸಂಜಿಕೆ ಗಾಡಿ ಇಳದು ಎರಡು ತಂಬಿಗಿ ನೀರು ಕುಡಿತಿದ್ದಿ. ಅಂಗಿ ಕಾಲರ್ ಬೆವತು ತೊಯ್ದಿರ್ತಿತ್ತು. ಅಂಜ್ತಾನ, ನನಗ ಹೇಳಾಕ ಇನ್ನೂ ಅಂಜ್ತಾನ ಅಂತ ತಿಳೀತು. ನಾನ ನರಸಣ್ಣಗ ಹೇಳಿ, ನನ್ನ ಎರಡು ಬಂಗಾರದ ಬಳಿ ಕೊಟ್ಟು, ನಿನಗಂತ ಆ ಬೆಳ್ಳಿ ಗಾಡಿ ತರಿಸಿದ್ದೆ. ಹಸಿರು ಬಟ್ಟಿನೂ ನಾನ ಕಟ್ಟಿಸಿದ್ದೆ. ಜವಳಗೇರಾದ ಮದುವಿಗೆ ಕೆಂಪು ಗಾಡಿ ನರಸಣ್ಣನ ಕಳಸಾವ ಇದ್ದ. ಇದು ಹೋಗೂದು ಕಣ್ಣಿಲೆ ನೋಡಾಕ ಆಗಂಗಿಲ್ಲ ಅಂತ ಗುರುಗುಂಟಾಕ ಹೋಗಿದ್ದೆ. ನಾಹಿದಾಗ ಆಣಿ ಹಾಕಿಸಿದ್ದೆ, ಹೇಳಬ್ಯಾಡ ಅಂತ. ಗಾಡಿ ಹೆಂಗೈತಿ ಕೇಳೂನು ಅಂತ ಫೋನ್ ಮಾಡಿದ್ರ ನೀ ಎತ್ತಲಿಲ್ಲ, ಗಾಬರಿಯಾಗಿ ಸಂಜಿತನಕ ಕಾಯದ ಬಸ್ ಹತ್ತಿದ್ನಿ."

ಇಶ್ತಿಯಾಕ್ ತಿರುಗಿ ನಾಹಿದಾಳ ಮುಖ ನೋಡಿದ.

"ನನಗಿಂತ ನಿನಗ ಈ ಗಾಡಿ ಮ್ಯಾಲ ಜೀವ ಐತಿ ಅಂತ ಇವತ್ತ ತಿಳೀತು," ಎಂದು ದಾವಲ್‌ಬೀ ಕಣ್ಣು ಒರೆಸಿಕೊಂಡರು. "ಬಸ್ ಇಳದ ಕೂಡ್ಲೇ ನರಸಣ್ಣಗ ಹೇಳೀನಿ, ಆ ಗಾಡಿ ಬ್ಯಾರೇದವರಿಗೆ ಕೊಡು, ನನ್ನ ಬಳಿ ತಿರುಗಿ ಕೊಡು ಅಂತ. ನನ್ನ ಅಳಿಯಾಗ ಹೊಸಾ ಗಾಡಿ ಬೇಕಾಗಿಲ್ಲ."

"ಅಮ್ಮೀ, ಹಂಗಲ್ಲ..."

"ಏನೂ ಹೇಳಬ್ಯಾಡ. ಇನ್ನ ಇದು ನಿಂದ. ನಿನ್ನ ಮಕ್ಕಳಿಗೂ ಇದ." ಅವರು ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತರು. ಮಕ್ತುಮ್‌ಸಾಬರು ಹೋದ ಮೇಲೆ ಆ ಸೀಟಿನಲ್ಲಿ ಅವರು ಕೂತದ್ದು ಇದೇ ಮೊದಲು. "ಆರು ವರ್ಷ ಆತು. ನಡಿ, ಊರಾಗ ಒಂದು ಸುತ್ತು ಹಾಕಿ ಬರೂನು."

ನಾಹಿದಾ ಏನೋ ಹೇಳಲು ಹೋಗಿ, ತಾಯಿಯ ಮುಖದ ಮೇಲಿನ ಸಂತೋಷ ನೋಡಿ ಸುಮ್ಮನಾದಳು. ಇಶ್ತಿಯಾಕ್ ಗಾಡಿ ಹೊರಡಿಸಿದ. ಓಣಿಯ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಅವನು ಒತ್ತಿದ. ಒಂದು, ಎರಡು, ಮೂರು, ನಾಲ್ಕು. ಗಾಡಿ ನಿಲ್ಲಲಿಲ್ಲ. ಎಮ್ಮೆ ತಾನೇ ಜಿಗಿದು ಪಕ್ಕಕ್ಕೆ ಹೋಯಿತು.

ದಾವಲ್‌ಬೀ ಕಣ್ಣು ಮುಚ್ಚಿ, ಗಾಳಿಗೆ ಮುಖ ಒಡ್ಡಿ ಕೂತಿದ್ದರು.

"ಅವರೂ ಹಿಂಗ ಓಡಸ್ತಿದ್ರು," ಎಂದರು. "ಯಾವತ್ತೂ ಬ್ರೇಕ್ ಹಾಕ್ತಿದ್ದಿಲ್ಲ."

ಇಶ್ತಿಯಾಕ್ ಐದನೇ ಸಲ ಒತ್ತಿದ.