ನಂಗೆ ಕಪ್ಪೇ ಇರ್ಲಿ

ಚೆಸ್ ಬೋರ್ಡ್ ಮುಂದೆ ಹೆಂಗಸು ಕೂತರೆ ಎದುರಿಗಿರೋ ಗಂಡಸಿಗೆ ಏನೋ ಒಂದು ಆಗುತ್ತೆ. ಒಬ್ಬರಿಗೆ ಕನಿಕರ ಬರುತ್ತೆ, ಒಬ್ಬರಿಗೆ ಪಾಠ ಹೇಳ್ಕೊಡೋ ಉಮೇದು ಬರುತ್ತೆ, ಸೋತಮೇಲೆ ಎಲ್ಲರಿಗೂ ತಲೆನೋವು ಬರುತ್ತೆ. ನನ್ನ ಎದುರು ಇದು ಎಷ್ಟು ಸಲ ನಡೆದಿದೆ ಅಂದ್ರೆ, ಈಗ ಯಾರಾದ್ರೂ ಹಣೆ ಉಜ್ಜಿಕೊಂಡ್ರೆ ಆಟ ಮುಗೀತು ಅಂತ ನಾನೇ ಕಾಯಿ ಡಬ್ಬಿಗೆ ತುಂಬೋಕೆ ಶುರುಮಾಡ್ತೀನಿ.

ಎಂಬತ್ತರ ದಶಕದ ಮಾತು. ನಾನು ವಿಜಯನಗರದ ಒಂದು ಹೈಸ್ಕೂಲಲ್ಲಿ ಲೆಕ್ಕದ ಮೇಡಂ, ಮನೆ ಬಸವೇಶ್ವರನಗರ. ಆಗ ನಮ್ಮ ರಸ್ತೇಲಿ ಮನೆಗಿಂತ ಖಾಲಿ ಸೈಟೇ ಜಾಸ್ತಿ. ನಾನು ಆಡ್ತಿದ್ದಿದ್ದು ಕಪ್ಪು ಕಾಯಿ ಮಾತ್ರ. ಆ ಕಪ್ಪನ್ನ ನಂಬ್ಕೊಂಡೇ ನಮ್ಮ ರಸ್ತೆ ಹೆಂಗಸರಿಗೆ ಶನಿವಾರ ಸಂಜೆ ಕೂರೋಕೆ ಒಂದು ರೂಮು ಗಿಟ್ಟಿಸೋಕೆ ಹೊರಟೆ. ಅದಕ್ಕೂ ಮುಂಚೆ, ಕಪ್ಪು ನಂಗೆ ಹೇಗೆ ಗಂಟುಬಿತ್ತು ಅಂತ ಕೇಳಿ.

೧. ಅಣ್ಣನ ಕಾನೂನು

ರಾಜಾಜಿನಗರದ ನಮ್ಮ ತವರುಮನೇಲಿ ಬಿಳಿ ಕಾಯಿ ಅಣ್ಣಂದು. ಯಾಕೆ ಅಂದ್ರೆ ಅವನು ದೊಡ್ಡೋನು. "ನಾನೂ ದೊಡ್ಡೋಳಾಗ್ತೀನಲ್ಲ, ಆಗ?" ಅಂತ ಕೇಳಿದೆ. "ಆಗ ನಾನು ಇನ್ನೂ ದೊಡ್ಡೋನಾಗಿರ್ತೀನಿ" ಅಂದ. ಲೆಕ್ಕ ಸರಿಯಾಗೇ ಇತ್ತು, ವಾದ ಮಾಡೋಕಾಗ್ಲಿಲ್ಲ.

ಬಿಳಿ ಆಡೋರೇ ಮೊದಲು ನಡೆಸೋದು. ಅಣ್ಣ ರಾಜನ ಮುಂದಿನ ಸಿಪಾಯೀನ ಎರಡು ಮನೆ ನೂಕಿ, ಹಿಂದೆನೇ ಮಂತ್ರಿ, ಒಂಟೆ ಎಲ್ಲಾ ಕರ್ಕೊಂಡು ನನ್ನ ಮೇಲೆ ಬೀಳ್ತಿದ್ದ. ಸೋತು ಸೋತು ಸಾಕಾಗಿ, ಒಂದು ದಿನ ಹೊಡೆಯೋ ಆಸೇನೇ ಬಿಟ್ಟೆ. ಮಂತ್ರಿ ಪಕ್ಕದ ಒಂಟೆ ಇದೆಯಲ್ಲ, ಅದರ ಮುಂದಿನ ಸಿಪಾಯೀನ ಒಂದೇ ಒಂದು ಮನೆ ನಡೆಸಿದೆ. ಅವನ ಆಸರೇಲಿ ಮಂತ್ರಿ ಮುಂದಿನ ಸಿಪಾಯೀನ ಎರಡು ಮನೆ. ಒಬ್ಬನ್ನ ಹೊಡೆದ್ರೆ ಪಕ್ಕದೋನು ಬಂದು ಅದೇ ಜಾಗದಲ್ಲಿ ನಿಂತ್ಕೋತಾನೆ. ಬಾಗಿಲು ಹಾಕೋ ಮುಂಚೆ ಒಂಟೇನ ಹೊರಗೆ ಬಿಟ್ಟೆ, ಅಷ್ಟೇ. ಅಣ್ಣ ಬಂದು ಬಂದು ಗುದ್ದಿ, ತಾನೇ ಸುಸ್ತಾಗಿ ಸೋತ.

ಮಾರನೇ ದಿನ ಕಾಲೇಜಲ್ಲಿ ವಿಚಾರಿಸ್ಕೊಂಡು ಬಂದ. "ಲೇ, ಇದಕ್ಕೆ ಕಾರೋ ಕಾನ್ ಡಿಫೆನ್ಸ್ ಅಂತ ಹೆಸರಿದೆಯಂತೆ ಕಣೇ. ಯಾರೋ ಇಬ್ಬರು ಫಾರಿನ್ನೋರು ಕಂಡುಹಿಡಿದಿದ್ದಂತೆ."

"ಅವರಿಗೂ ಅಣ್ಣಂದಿರು ಇದ್ದಿರಬೇಕು" ಅಂದೆ.

೨. ಹೊಸ ಸೊಸೆಗೆ ಪಾಠ

ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು "ಬಾ, ಚೆಸ್ ಹೇಳ್ಕೊಡ್ತೀನಿ" ಅಂತ ಕೂರಿಸಿಕೊಂಡ್ರು. ಕುದುರೆ ಹೇಗೆ ನಡೆಯುತ್ತೆ, ಆನೆ ಹೇಗೆ ನಡೆಯುತ್ತೆ, ಎಲ್ಲಾ ಹೇಳಿದ್ರು. ಹೊಸ ಸೊಸೆ, ತಲೆ ಆಡಿಸ್ತಾ ಕೇಳ್ದೆ. ಬಿಳಿ ಅವರೇ ಇಟ್ಕೊಂಡ್ರು. ನಾನು ಬೇಡ ಅನ್ನೋಕೆ ಹೋಗ್ಲಿಲ್ಲ.

ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೀತಾ ಕೂತಿದ್ರು ನಮ್ಮತ್ತೆ. ಅವರಿಗೆ ಗೊತ್ತಿದ್ದ ಆಟ ಒಂದೇ, ಚೌಕಾಬಾರ. ಅದರಲ್ಲಿ ಎದುರಿನವರ ಒಂದು ಕಾಯಿನಾದ್ರೂ ಹೊಡೀದೇ ನಮ್ಮ ಕಾಯಿ ಒಳಮನೆಗೆ ಹೋಗೋ ಹಾಗಿಲ್ಲ. ಸ್ವಲ್ಪ ಹೊತ್ತು ನೋಡಿ ಅಂದ್ರು, "ಏನೇ, ಅವನದ್ದೊಂದು ಕಾಯೀನೂ ಹೊಡೀತಿಲ್ವಲ್ಲ. ಒಳಗೆ ಹೋಗೋದು ಹೇಗೆ?"

"ನಾನು ಹೋಗಲ್ಲ ಅತ್ತೆ. ಅವರು ಬರದಂಗೆ ನೋಡ್ಕೋತೀನಿ."

ಅತ್ತೆ ಬಗ್ಗಿ ನೋಡಿದ್ರು. ಸಿಪಾಯಿಗಳು ಒಬ್ಬರಿಗೊಬ್ಬರು ಆತುಕೊಂಡು ನಿಂತಿದ್ದು ಕಣ್ಣಿಗೆ ಬಿತ್ತು. "ಓ, ಗಟ್ಟಿ ಕಟ್ಟಿದೀಯ" ಅಂದ್ರು. ಚೌಕಾಬಾರದಲ್ಲಿ ಒಂದೇ ಮನೇಲಿ ಎರಡು ಕಾಯಿ ಜೋಡಿಯಾಗಿ ಕೂತ್ರೆ ಅದು ಗಟ್ಟಿ, ಒಂಟಿ ಕಾಯಿ ಬಂದು ಅದನ್ನ ಹೊಡೆಯೋಕಾಗಲ್ಲ. ಇಷ್ಟು ವರ್ಷ ನಾನು ಮಾಡ್ತಿದ್ದಿದ್ದು ಅದೇ ಅಂತ ಆವತ್ತು ನಂಗೂ ಗೊತ್ತಾಯ್ತು.

ಯಜಮಾನರು ಸೋತು, ಹಣೆ ಉಜ್ಜಿಕೊಂಡು ಎದ್ರು. "ಹೊಸಬಳು, ಬೇಜಾರಾಗುತ್ತೆ ಅಂತ ಬಿಟ್ಕೊಟ್ಟೆ" ಅಂದ್ರು.

ಅತ್ತೆ ತಲೆ ಎತ್ತದೆ ಹೇಳಿದ್ರು, "ದಿನಾ ಬಿಟ್ಕೊಡಪ್ಪ. ನೋಡೋಕೆ ಚೆನ್ನಾಗಿದೆ."

೩. ಫ್ಯಾನಿನ ಕೆಳಗಿನ ಜಾಗ

ನಮ್ಮ ಬಡಾವಣೆಯ ಸಂಘಕ್ಕೆ ಪಾರ್ಕಿನ ಪಕ್ಕ ಒಂದು ರೂಮಿತ್ತು. ಫ್ಯಾನು, ಟ್ಯೂಬ್‌ಲೈಟು, ಎರಡು ಬೆಂಚು, ಒಂದು ಚೆಸ್ ಬೋರ್ಡು. ವಾರವೆಲ್ಲಾ ಅಲ್ಲಿ ಗಂಡಸರೇ. ನಾವು ಹೆಂಗಸರು ಮಾತಾಡಬೇಕು ಅಂದ್ರೆ ಹಾಲಿನ ಬೂತ್ ಹತ್ರ ನಿಂತ್ಕೋಬೇಕು, ಸ್ಕೂಟರಿನೋರು ಹಾರ್ನ್ ಹೊಡೀತಿದ್ದಂಗೆ ಪಕ್ಕಕ್ಕೆ ಸರೀಬೇಕು. ಶನಿವಾರ ಸಂಜೆ ಒಂದು ದಿನ ರೂಮು ಕೊಡಿ ಅಂತ ಕೇಳೋಕೆ ಹೋದ್ವಿ.

ಸಂಘದ ಅಧ್ಯಕ್ಷರು ರಿಟೈರಾದ ಆಫೀಸರು. ಒಳ್ಳೇ ಆಟಗಾರರೇ, ಆದ್ರೆ ಆ ರೂಮಲ್ಲಿ ಬಿಳಿ ಬಿಟ್ಟು ಬೇರೆ ಮುಟ್ಟಿದೋರಲ್ಲ, ಯಾಕಂದ್ರೆ ಬೋರ್ಡು ಅವರದ್ದು. ದಿನಾ ಸಂಜೆ ಅವರ ಹೆಂಡತಿ ಫ್ಲಾಸ್ಕಲ್ಲಿ ಕಾಫಿ ತಂದಿಟ್ಟು, ಒಂದು ಮಾತೂ ಆಡದೆ ಹೋಗ್ತಿದ್ರು.

"ಅಲ್ಲಮ್ಮ, ಈ ರೂಮಿರೋದು ಬುದ್ಧಿ ಬೆಳೆಯೋ ಆಟಕ್ಕೆ, ಹರಟೆಗಲ್ಲ" ಅಂದ್ರು ಅಧ್ಯಕ್ಷರು.

"ನಾವೂ ಆಡ್ತೀವಿ ಸಾರ್."

"ಯಾರು?"

"ನಾನು."

ಬೆಂಚಿನ ಮೇಲಿದ್ದೋರು ನಕ್ಕರು. ಅಧ್ಯಕ್ಷರಿಗೆ ಕನಿಕರ ಬಂತು. "ಆಯ್ತು, ನೀವು ಗೆಲ್ಲೋದೂ ಬೇಡ. ಬರೋ ಭಾನುವಾರ ನನ್ನ ಹತ್ರ ಸೋಲದೇ ಎದ್ರೆ ಸಾಕು, ಶನಿವಾರ ನಿಮ್ದು. ಸೋತ್ರೆ ಮಾತ್ರ ಮತ್ತೆ ರೂಮಿನ ಮಾತೆತ್ತಬಾರ್ದು."

ಸೋಲದೇ ಏಳೋದು. ನಾನು ಹುಟ್ಟಿದಾಗಿನಿಂದ ಇನ್ನೇನು ಕಲ್ತಿದ್ದೀನಿ? "ಹೂಂ ಸಾರ್" ಅಂದೆ. ಮನೆಗೆ ಬಂದು ಹೇಳಿದ್ದೇ ತಡ, ಫ್ಯಾನಿನ ಕೆಳಗಿನ ಜಾಗ ತನಗೆ, ಯಾರೂ ಕೂರಬಾರ್ದು ಅಂತ ಅತ್ತೆ ಅಕ್ಕಪಕ್ಕದ ಮನೆಗೆಲ್ಲಾ ಹೋಗಿ ಹೇಳಿ ಬಂದ್ರು.

೪. ನೀವ್ ಮೊದ್ಲು

ಭಾನುವಾರ ರೂಮಲ್ಲಿ ಕಾಲಿಡೋಕೆ ಜಾಗ ಇಲ್ಲ. ಗಂಡಸರು ಒಳಗೆ, ಹೆಂಗಸರು ಕಿಟಕಿ ಸರಳು ಹಿಡ್ಕೊಂಡು ಹೊರಗೆ. ನಾನು ಹೋಗಿ ಕಪ್ಪು ಕಾಯಿ ಮುಂದೆ ಕೂತೆ. ಅಷ್ಟರಲ್ಲಿ ಫ್ಲಾಸ್ಕ್ ಇಡೋಕೆ ಬಂದ ಅಧ್ಯಕ್ಷರ ಹೆಂಡತಿ ಗಂಡನ ಕಿವೀಲಿ ಏನೋ ಅಂದು ಹೋದ್ರು.

ಅಧ್ಯಕ್ಷರು ಎದೆ ಸೆಟೆಸಿದ್ರು. "ಛೆ ಛೆ, ಹೆಣ್ಮಕ್ಕಳ ಎದುರು ಬಿಳಿ ಇಟ್ಕೊಂಡು ಆಡೋ ಜಾಯಮಾನ ನಮ್ದಲ್ಲ. ಬಿಳಿ ನೀವು ತಗೊಳ್ಳಿ" ಅಂತ ಬೋರ್ಡನ್ನೇ ತಿರುಗಿಸಿದ್ರು.

"ಬೇಡಿ ಸಾರ್, ದೊಡ್ಡವರು ನೀವು, ನಂಗೆ ಕಪ್ಪೇ ಇರ್ಲಿ" ಅಂತ ವಾಪಸ್ ತಿರುಗಿಸಿದೆ. "ಎಲ್ಲಾದ್ರೂ ಉಂಟೇ" ಅಂತ ಅವರು ಮತ್ತೆ ತಿರುಗಿಸಿದ್ರು. ಮದುವೆ ಊಟದಲ್ಲಿ ಕೊನೇ ಹೋಳಿಗೆ ಥರ ಬೋರ್ಡು ಆ ಕಡೆ ಈ ಕಡೆ ಹೋಗಿ, ನಾಲ್ಕು ಕಾಯಿ ಉರುಳಿ ಬಿದ್ವು. "ತಗೊಳ್ಳಿ ಮೇಡಂ, ಸಾರ್ ಅಷ್ಟು ಹೇಳ್ತಿದಾರೆ" ಅಂತ ಹಿಂದಿನಿಂದ ಎಲ್ಲರೂ ಶುರುಮಾಡಿದ್ರು. ಇನ್ನೂ ಬೇಡ ಅಂದ್ರೆ ಹಿರಿಯರಿಗೆ ಅವಮಾನ. ಮರ್ಯಾದೆ ಮಾಡೋಕೆ ಹೋಗಿ ನನ್ನ ಕುತ್ತಿಗೆಗೆ ತಂದಿಟ್ರು.

ಬಿಳಿ ಕಾಯಿ ಎದುರಿಗಿತ್ತು, ಕೈ ಏಳಲಿಲ್ಲ. ಎದುರಿನೋರು ಏನಾದ್ರೂ ಮಾಡಿದ್ರೆ ತಾನೇ ನಾನು ತಡೆಯೋದು? ಹೆದರಿಕೆನೇ ಆಯ್ತು. ಕಿಟಕೀಲಿ ಹೆಂಗಸರ ಮುಖ ನೋಡಿ ಇನ್ನಷ್ಟು ಆಯ್ತು. ಅಲ್ಲಿಂದ ಅತ್ತೆ ಕೂಗಿದ್ರು, "ಬಣ್ಣ ಯಾವ್ದಾದ್ರೇನೇ, ಗಟ್ಟಿ ಕಟ್ಟು."

ಹೌದಲ್ಲ ಅನ್ನಿಸ್ತು. ಒಂಟೆ ಮುಂದಿನ ಸಿಪಾಯೀನ ಒಂದೇ ಮನೆ ನಡೆಸಿದೆ. "ಬಿಳಿ ಸಿಕ್ಕಿದ್ರೂ ಇಷ್ಟೇನಾ?" ಅಂತ ಅಧ್ಯಕ್ಷರು ನಕ್ಕರು. ಆಮೇಲೆ ಮಂತ್ರಿ ಮುಂದಿನೋನು ಎರಡು ಮನೆ. ಒಂಟೆ ಹೊರಗೆ, ಬಾಗಿಲು ಭದ್ರ. ನನ್ನ ಆಟವೇ, ಬಟ್ಟೆ ಮಾತ್ರ ಬಿಳಿ.

ಆಗ ಅಧ್ಯಕ್ಷರ ಕಡೆ ನೋಡಿದೆ. ಫ್ಯಾನಿನ ಕೆಳಗೇ ಬೆವರ್ತಿದ್ರು. ಬಿಳಿ ಕಡೆಯಿಂದ ನೋಡಿದ್ರೆ ರಾಜ ಮಂತ್ರಿಯ ಬಲಕ್ಕೆ, ಕಪ್ಪು ಕಡೆಯಿಂದ ಎಡಕ್ಕೆ. ಜೀವಮಾನವೆಲ್ಲಾ ಬಿಳಿ ಆಡಿದ ಕೈ ಅದು, ಎಡ ಬಲ ಕಲಸಿಹೋಗಿತ್ತು. ರಾಜನ್ನ ಮೂಲೆಗೆ ಸೇರಿಸಿ ಆನೇನ ಕಾವಲಿಗೆ ನಿಲ್ಲಿಸ್ತಾರಲ್ಲ, ಅದನ್ನ ಮಾಡೋಕೆ ಹೋಗಿ, ಠೀವಿಯಿಂದ ಎತ್ತಿ ಎರಡು ಮನೆ ಪಕ್ಕಕ್ಕಿಟ್ಟಿದ್ದು ಮಂತ್ರೀನ.

"ಸಾರ್, ಅದು ಮಂತ್ರಿ" ಅಂದ್ರು ಅವರ ಕಡೆಯೋರೇ ಒಬ್ಬರು.

"ಗೊತ್ತು" ಅಂದ್ರು ಅಧ್ಯಕ್ಷರು.

'ಮುಟ್ಟಿದ ಕಾಯಿ ನಡೆಸಲೇಬೇಕು' ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆಸಿದ್ದೋರು ಅವರೇ. ಮಂತ್ರಿ ಮೂಲೇಲಿ ಭದ್ರವಾಗಿ ಕೂತ, ರಾಜ ಬಯಲಲ್ಲಿ ನಿಂತ. ಸ್ವಲ್ಪ ಹೊತ್ತಿಗೆ ಅಧ್ಯಕ್ಷರು ಹಣೆ ಉಜ್ಜಿಕೊಂಡ್ರು. "ಹೊತ್ತಾಯ್ತು, ಸಮ ಅನ್ನೋಣ್ವಾ ಅಮ್ಮ?"

"ಸಮ ಅಂದ್ರೆ ನಾನು ಸೋತಿಲ್ಲ ಅಂತ ತಾನೇ ಸಾರ್?"

ಅಧ್ಯಕ್ಷರು ಬೀಗದಕೈ ತೆಗೆದು ಬೋರ್ಡ್ ಮೇಲಿಟ್ರು. ಇನ್ನೂ ಆಡಿದ್ರೆ ಗೆಲ್ತಿದ್ನೇನೋ. ನಂಗೆ ಬೇಕಿದ್ದಿದ್ದು ರೂಮು, ಅವರ ರಾಜ ಅಲ್ಲ.

೫. ಮೊದಲನೇ ಶನಿವಾರ

ಶನಿವಾರ ನಾವು ಬೀಗ ತೆಗೆಯೋ ಹೊತ್ತಿಗೆ ಬಾಗಿಲಲ್ಲಿ ಮೊದಲು ನಿಂತಿದ್ದೋರು ಅಧ್ಯಕ್ಷರ ಹೆಂಡತಿ. ಫ್ಲಾಸ್ಕ್ ಇರ್ಲಿಲ್ಲ. ಅತ್ತೆ ಫ್ಯಾನಿನ ಕೆಳಗೆ ಕೂತು ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೀತಿದ್ರು. ಅಧ್ಯಕ್ಷರ ಹೆಂಡತಿ ನೇರ ಬಂದು ಚೆಸ್ ಬೋರ್ಡಿನ ಎದುರು ಕೂತ್ರು.

"ಆಟ ಬರುತ್ತಾ ಆಂಟಿ?" ಅಂದೆ.

"ನಂಗೆ ಬರಲ್ಲಮ್ಮ. ನಮ್ಮೋರಿಗೆ ಕಪ್ಪು ಬರಲ್ಲ ಅಂತ ಮಾತ್ರ ಗೊತ್ತಿತ್ತು. ಮನೇಲಿ ಮೊಮ್ಮಗ ಹಟ ಮಾಡಿ ಕಪ್ಪು ಕೊಟ್ಟಾಗೆಲ್ಲಾ ಮಂತ್ರೀನೇ ರಾಜ ಅಂತ ಹಿಡ್ಕೋತಾರೆ. ಅದಕ್ಕೇ ಆವತ್ತು ಕಿವೀಲಿ ಹೇಳ್ದೆ, ಹೆಣ್ಮಗಳ ಎದುರು ಬಿಳಿ ಇಟ್ಕೊಂಡ್ರೆ ನೋಡಿದೋರು ನಗ್ತಾರೆ, ಬಿಟ್ಕೊಡಿ ಅಂತ."

ಒಬ್ಬಳೇ ಆಡಿ ರೂಮು ಗಿಟ್ಟಿಸ್ದೆ ಅಂತ ವಾರವೆಲ್ಲಾ ಬೀಗ್ತಾ ಇದ್ದೆ ನಾನು.

ಅತ್ತೆ ಸೀಮೆಸುಣ್ಣ ಕೆಳಗಿಟ್ರು. "ಜೋಡಿ ಇತ್ತು ಕಣೇ. ಅದಕ್ಕೇ ಗಟ್ಟಿ ನಿಲ್ತು" ಅಂದ್ರು. ಆಮೇಲೆ ಎದ್ದು, ಸೊಸೆಗೂ ಬಿಟ್ಟುಕೊಡದಿದ್ದ ಫ್ಯಾನಿನ ಕೆಳಗಿನ ಜಾಗವನ್ನ ಸೆರಗಲ್ಲಿ ಒರೆಸಿ, ಆಕೇನ ಕರೆದು ಕೂರಿಸಿದ್ರು.